ಎಡ ಕಾರ್ನರಿನ ಉಪವಾಸ

ನಮ್ಮ ಶಹಾಬಾದಿನ ಅರವತ್ತು ಕೆ.ಜಿ. ಕಬಡ್ಡಿ ತಂಡದ ಬಗ್ಗೆ ನನ್ನ ಅಭಿಪ್ರಾಯ ಯಾರಾದರೂ ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಮೊದಲನೇ ರೈಡರ್ ಬಂಗಾರದಂಥವನು. ಎದುರಾಳಿಯ ಅಂಗಳಕ್ಕೆ ಹೋದರೆ ಬರಿಗೈಯಲ್ಲಿ ಬರುವ ಜಾತಿಯಲ್ಲ. ಎರಡನೆಯವನದು ಬರೀ ಸದ್ದು. ಯಾರನ್ನೂ ಮುಟ್ಟದೆ ವಾಪಸ್ ಬಂದು "ನೆಲ ಜಾರ್ತದರಿ" ಅನ್ನುತ್ತಾನೆ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಬಲಗಡೆಯ ಕವರ್ ಗಟ್ಟಿಗ, ಆದರೆ ಮೂಗಿನ ತುದಿಯಲ್ಲೇ ಸಿಟ್ಟು. ಅಂಪೈರ್ ಜೊತೆ ಜಗಳಕ್ಕೆ ನಿಂತನೆಂದರೆ ಆಟವೇ ಮರೆತುಹೋಗುತ್ತದೆ. ನಡುವೆ ನಿಲ್ಲುವ ಕ್ಯಾಪ್ಟನ್ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಒಳ್ಳೆಯ ಮನುಷ್ಯ, ಯಾರನ್ನೂ ನೋಯಿಸಲಾರ. ತಂಡ ಆರಿಸುವವನಿಗೆ ಇದಕ್ಕಿಂತ ದೊಡ್ಡ ದೋಷ ಬೇರೆ ಬೇಕಾಗಿಲ್ಲ. ಇನ್ನಿಬ್ಬರು ಇದ್ದೂ ಇಲ್ಲದಂತೆ. ಉಳಿದವನು ಎಡ ಕಾರ್ನರ್. ರೈಡರ್ ಒಳಗೆ ಬಂದಾಗ ಎಡ ತುದಿಯಲ್ಲಿ ಬಗ್ಗಿ ನಿಂತು, ಸಮಯ ನೋಡಿ ಅವನ ಪಾದಕ್ಕೆ ಬೀಳುವವನು. ಅವನ ಬಗ್ಗೆ ಬರೆಯಬೇಕೆಂದೇ ನಾನು ಕೂತಿರುವುದು.

ನಾನು ಒಂದು ದಿನವೂ ಅಂಗಳಕ್ಕೆ ಇಳಿದವನಲ್ಲ. ಚಿತ್ತಾಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳುವವರ ಮೇಲೆ ನನಗೆ ಕೆಂಡದಂಥ ಸಿಟ್ಟು ಬರುತ್ತದೆ, ಆದ್ದರಿಂದ ಈಗ ಯಾರೂ ಕೇಳುವುದಿಲ್ಲ. ಅವ್ವ ಇರುವವರೆಗೆ ಮನೆಯಲ್ಲಿ ಮಾತಿತ್ತು, ಬೈಗುಳವಿತ್ತು, ದೇವರ ಮುಂದೆ ಗಂಟೆಯ ಸದ್ದಿತ್ತು. ಅವಳು ಹೋದ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ, ಕಾಲಡಿಗೆ ತಣ್ಣನೆಯ ಪರ್ಸಿ ಕಲ್ಲಿನ ನೆಲ. ಬೆಳಗ್ಗೆ ಹೇಗೋ ಕಳೆಯುತ್ತದೆ: ಸ್ನಾನ, ಪೂಜೆ, ಪೇಪರು. ಸಂಜೆ ಮಾತ್ರ ಕಳೆಯುವುದಿಲ್ಲ. ಊರಿನ ಗಂಡಸರೆಲ್ಲ ಕೆಲಸ ಮುಗಿಸಿ ತಮ್ಮ ತಮ್ಮ ಮನೆ ಬಾಗಿಲಿಗೆ ಹೋಗುವ ಹೊತ್ತು ಅದು. ನನಗೆ ಆ ಹೊತ್ತಿನಲ್ಲಿ ಬಾಗಿಲು ತೆಗೆಯುವವರು ಯಾರೂ ಇರಲಿಲ್ಲ, ಹಾಗಾಗಿ ಮನೆಗೆ ಹೋಗಲು ಮನಸ್ಸಾಗುತ್ತಿರಲಿಲ್ಲ. ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳ ಹಿಂದಿನ ಬಯಲಿನಲ್ಲಿ ಹುಡುಗರು ಕಬಡ್ಡಿ ಆಡುತ್ತಿದ್ದರು. ಒಂದು ದಿನ ಒಡೆದ ಕಲ್ಲಿನ ರಾಶಿಯ ಮೇಲೆ ಕೂತೆ. ಮರುದಿನವೂ ಕೂತೆ. ಹಾಗೇ ರೂಢಿಯಾಯಿತು.

ನಮ್ಮ ಕಡೆ ಕಬಡ್ಡಿ ಪಂದ್ಯಾವಳಿ ನಡೆಯುವುದು ತೂಕದ ಮೇಲೆ. ಐವತ್ತೈದರದು ಒಂದು, ಅರವತ್ತರದು ಒಂದು, ಅರವತ್ತೈದರದು ಒಂದು. ಪಂದ್ಯದ ದಿನ ಬೆಳಗ್ಗೆ ಆಟಗಾರರನ್ನೆಲ್ಲ ಸಾಲಾಗಿ ನಿಲ್ಲಿಸಿ, ಅಡತಿ ಅಂಗಡಿಯಿಂದ ತಂದ ಕಾಂಟಾದ ಮೇಲೆ ಒಬ್ಬೊಬ್ಬರನ್ನೇ ಹತ್ತಿಸುತ್ತಾರೆ. ತೊಗರಿ ಚೀಲ ತೂಗುವ ಅದೇ ಕಾಂಟಾ. ಅಲ್ಲಿ ಒಂದು ಹಿಡಿ ತೊಗರಿಯಷ್ಟು ಜಾಸ್ತಿ ಬಂದರೂ ಆಟವಿಲ್ಲ. ಅದಕ್ಕೇ ಎರಡು ದಿನ ಮೊದಲಿನಿಂದ ಊಟ ಬಿಡುವುದು, ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಓಡುವುದು, ಕಡೆಗೆ ನೀರೂ ಬಿಡುವುದು. ಕಾಂಟಾ ಹತ್ತುವ ಮುಂಚೆ ಉಗುಳು ಉಗುಳಿ, ಬನಿಯನ್ ಕೂಡ ಕಳಚಿ ನಿಲ್ಲುವವರನ್ನು ನಾನು ನೋಡಿದ್ದೇನೆ.

ಹೀಗೆ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಓಡಿ ಓಡಿ ಐವತ್ತೈದರ ತಂಡದ ಒಬ್ಬ ರೈಡರ್ ಒಂದು ಸಂಜೆ ನನ್ನ ಕಣ್ಣ ಮುಂದೆಯೇ ತಲೆತಿರುಗಿ ಬಿದ್ದ. ನನಗೆ ತಡೆಯಲಾಗಲಿಲ್ಲ. ಕಲ್ಲಿನ ರಾಶಿಯಿಂದ ಎದ್ದು ಹೋಗಿ ಎಲ್ಲರನ್ನೂ ಹಿಡಿದು ಬೈದೆ. "ಉಪವಾಸ ಮಾಡಲಿಕ್ಕೂ ಒಂದು ರೀತಿ ಅದನೋ! ಹಿಂದಿನ ದಿನ ಗಡಿಗಿ ತುಂಬ ಉಂಡು ಮರುದಿನ ಧಡಕ್ಕನೆ ಬಿಟ್ರ ಬೀಳದೆ ಏನ್ಮಾಡ್ತೀರಿ?" ಅವ್ವ ಜೀವಮಾನವಿಡೀ ಏಕಾದಶಿಗೆ ನೀರೂ ಮುಟ್ಟಿದವಳಲ್ಲ, ಅವಳ ಜೊತೆ ನಾನೂ. ದಶಮಿಯ ದಿನವೇ ಒಂದು ಹೊತ್ತಿಗೆ ಇಳಿಯಬೇಕು, ಏಕಾದಶಿ ದಿನ ಮಾತು ಕಡಿಮೆ ಮಾಡಬೇಕು, ದ್ವಾದಶಿ ಬೆಳಗ್ಗೆ ಮೊದಲು ಹೆಸರುಬೇಳೆಯ ತೆಳ್ಳನೆ ಗಂಜಿ ಕುಡಿದೇ ಮುಂದಿನ ಊಟ. ಇದನ್ನೆಲ್ಲ ಹೇಳಿದೆ. ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರೇ ಬಂದು ಕೇಳತೊಡಗಿದರು. ಅಂದಿನಿಂದ ನಾನು ಬಯಲಿನಲ್ಲಿ "ಏಕಾದಶಿ ಸರ್" ಆದೆ. ಮುಂದೆ ಹೇಳುವುದಿಲ್ಲ, ಹಿಂದೆ ಹೇಳುತ್ತಾರೆ. ನನಗೆ ಗೊತ್ತಿದೆ. ಒಳಗೊಳಗೇ ಖುಷಿಯೂ ಇದೆ.

ಬಯಲಿನ ಹುಡುಗರಲ್ಲಿ ಒಂದು ಪದ್ಧತಿ ಇತ್ತು. ತೂಕ ಇಳಿಸುವವನನ್ನು ಒಬ್ಬನನ್ನೇ ಬಿಡಬಾರದು, ಅವನ ಜೊತೆ ಇನ್ನೊಬ್ಬ ಉಪವಾಸ ಇರಬೇಕು. ಅದಕ್ಕೆ ಜೋಡಿ ಅನ್ನುತ್ತಿದ್ದರು. ಒಬ್ಬನೇ ಇದ್ದರೆ ಕದ್ದು ತಿನ್ನುತ್ತಾನೆ. ಇನ್ನೊಬ್ಬ ಹಸಿದು ಎದುರಿಗೆ ಕೂತಿದ್ದರೆ ನಾಚಿಕೆಗಾದರೂ ತಡೆದುಕೊಳ್ಳುತ್ತಾನೆ. ಅರವತ್ತರ ತಂಡದಲ್ಲಿ ಉಳಿದವರೆಲ್ಲ ಕಡ್ಡಿ ಪೈಲ್ವಾನರು, ತಿಂದರೂ ಐವತ್ತೆಂಟು ದಾಟದವರು. ತೂಕ ಇಳಿಸಬೇಕಾದವನು ಎಡ ಕಾರ್ನರ್ ಒಬ್ಬನೇ. ಪಾಲಿಶ್ ಮಷೀನಿನಲ್ಲಿ ಕೆಲಸ ಮಾಡುವ, ಮೂವತ್ತು ದಾಟಿದ, ಎರಡು ಮಕ್ಕಳ ತಂದೆ. ಎಲುಬೇ ದಪ್ಪ. ಅವನಿಗೆ ಜೋಡಿಯಾಗಲು ಯಾರೂ ಸಿಗದೆ ಒಂದು ದಿನ ನನ್ನ ಹತ್ತಿರ ಬಂದು ತಲೆ ಕೆರೆದುಕೊಂಡ.

"ಸರ, ನೀವೇ ಜೋಡಿ ಆಗ್ರಿ. ನಿಮಗ ಹೆಂಗೂ ರೂಢಿ ಅದ."

"ನಿನ್ನ ಮನ್ಯಾಗ ಬಂದು ಕುಂದ್ರಲೇನು?"

"ಏ ನಮ್ಮನ್ಯಾಗ ಬ್ಯಾಡ್ರಿ. ಆಕಿ ರೊಟ್ಟಿ ಬಡಿಯೋ ಸಪ್ಪಳ ಕೇಳಿದ್ರ ನನ್ನ ಜೀವ ನಿಲ್ಲಂಗಿಲ್ಲ. ನಿಮ್ಮನಿಗೇ ಬರ್ತೀನಿ. ನಿಮ್ಮನಿ ಭಾಳ ಚಲೋ ಅದರಿ, ಒಗ್ಗರಣಿ ವಾಸನಿನೇ ಇಲ್ಲ."

ಅವನು ಹೊಗಳಿಕೆ ಅಂತಲೇ ಹೇಳಿದ್ದು. ನಾನೂ ಹಾಗೇ ತೆಗೆದುಕೊಂಡೆ. ಆದರೂ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಬಹಳ ದಿನ ಒಗ್ಗರಣೆ ಹಾಕುವಾಗೆಲ್ಲ ನೆನಪಾಗುತ್ತಿತ್ತು.

ಅಂದಿನಿಂದ ಪ್ರತಿ ಪಂದ್ಯಾವಳಿಗೆ ಎರಡು ದಿನ ಮೊದಲು ಅವನು ಕೆಂಪು ಚೀಲ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ. ಅಂಗಿ ಬಿಚ್ಚಿ ತಣ್ಣನೆಯ ಕಲ್ಲಿನ ಮೇಲೆ ಬೆನ್ನು ಹಚ್ಚಿ ಮಲಗಿಬಿಡುತ್ತಿದ್ದ. ನಾನು ಕುರ್ಚಿಯ ಮೇಲೆ. ಅವನ ಮೊಬೈಲಿನಲ್ಲಿ ಹಳೆಯ ಪಂದ್ಯಗಳನ್ನು ನೋಡುತ್ತ, ಯಾರು ಎಲ್ಲಿ ತಪ್ಪಿದ ಅಂತ ವಾದ ಮಾಡುತ್ತಿದ್ದೆವು. ತಿನ್ನುವ ಪದಾರ್ಥದ ಹೆಸರು ಎತ್ತಬಾರದು ಅಂತ ನಾನೇ ನಿಯಮ ಮಾಡಿದ್ದೆ.

"ಸರ, ಶೇಂಗಾ ಹಿಂಡಿ ಅಂತ ಅನ್ನಂಗಿಲ್ಲೇನ್ರಿ?"

"ಅಂದಿಯಲ್ಲೋ ಈಗ!"

"ಕೇಳಿದ್ದರಿ, ಅಂದಿಲ್ಲ."

ಹೀಗೆ ಇಬ್ಬರೂ ಹಸಿದು ನಗುತ್ತಿದ್ದೆವು. ಖರೆ ಹೇಳಬೇಕೆಂದರೆ, ಮಂದಿ ಹಬ್ಬಕ್ಕೆ ಕಾದಂತೆ ನಾನು ಪಂದ್ಯಾವಳಿಗೆ ಕಾಯುತ್ತಿದ್ದೆ. ಗೋಡೆಯ ಮೇಲೆ ಅಂಟಿಸಿದ ಪೋಸ್ಟರ್ ನೋಡಿದರೆ ಸಾಕು, ಸೇಡಂ ಆಗಲಿ, ಚಿಂಚೋಳಿ ಆಗಲಿ, ಮೊದಲು ಹುಡುಕುತ್ತಿದ್ದದ್ದು ಅರವತ್ತು ಕೆ.ಜಿ. ಎಂಬ ಅಕ್ಷರ. ವರ್ಷವಿಡೀ ಒಬ್ಬನೇ ಉಣ್ಣುವವನಿಗೆ ಉಪವಾಸಕ್ಕಾದರೂ ಜೊತೆ ಸಿಕ್ಕಿತ್ತು. ಮನೆಯಲ್ಲಿ ಇನ್ನೊಬ್ಬರು ಕೆಮ್ಮುವುದು, ಮಗ್ಗಲು ಬದಲಿಸುವುದು, "ಸರ, ಫ್ಯಾನ್ ಜರಾ ಜೋರ್ ಮಾಡ್ರಿ" ಅನ್ನುವುದು. ಇಷ್ಟು ಸಾಕಾಗಿತ್ತು ನನಗೆ.

ಕಳೆದ ವರ್ಷದಿಂದ ಅವನ ಆಟ ಇಳಿಯಿತು. ಪಾದ ಹಿಡಿಯುವ ಕೆಲಸ ಬಲದ್ದಲ್ಲ, ಹೊತ್ತಿನದು. ರೈಡರ್ ತೂಕವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಕುವ ಆ ಚಣದಲ್ಲೇ ಬೀಳಬೇಕು. ಅವನು ಬೀಳುತ್ತಿದ್ದ, ಆದರೆ ತಡವಾಗಿ. ಬೆರಳಿಗೆ ಹಿಮ್ಮಡಿ ತಾಗುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ಚಿತ್ತಾಪುರದ ಪಂದ್ಯದಲ್ಲಿ ಹೀಗೆ ಮೂರು ನಾಲ್ಕು ಸಲ ಆಯಿತು. ಜನರ ನಡುವಿನಿಂದ ಯಾವನೋ ಕೂಗಿದ: "ಏ ಮುದುಕಪ್ಪಾ, ಮನಿಗೆ ನಡಿ, ಮೊಮ್ಮಕ್ಕಳನ್ನ ಆಡ್ಸು!" ಬಯಲೆಲ್ಲ ನಕ್ಕಿತು. ಅವನೂ ನಕ್ಕ. ಆದರೆ ವಾಪಸ್ ಬರುವಾಗ ಕ್ರೂಸರ್ ಜೀಪಿನಲ್ಲಿ ಕಿಟಕಿಗೆ ಮುಖ ಹಾಕಿ ಕೂತವನು ಶಹಾಬಾದ್ ಬರುವವರೆಗೆ ತಿರುಗಲಿಲ್ಲ. ಇಳಿಯುವಾಗ ನನ್ನ ಹತ್ತಿರ ಮಾತ್ರ ಹೇಳಿದ: "ಚಿಂಚೋಳಿದೊಂದು ಆಡಿ ಬಿಟ್ಬಿಡ್ತೀನ್ರಿ ಸರ. ವಯಸ್ಸಾತು."

ತಂಡದ ಹುಡುಗರದೂ ಅದೇ ಮಾತು. ವಯಸ್ಸಾಯಿತು, ಕಾಲು ಹೋದವು, ಇನ್ನು ವಾಡಿಯ ರೈಲ್ವೆ ಕಾಲೊನಿಯಿಂದ ಬರುವ ಹುಡುಗನನ್ನು ಎಡಕ್ಕೆ ಹಾಕಬೇಕು. ನಾನೂ ಹೌದು ಅನ್ನುತ್ತಿದ್ದೆನೇನೋ. ಆದರೆ ಕೋಡ್ಲಾದಲ್ಲಿ ನಾನು ಬೇರೆಯದನ್ನು ನೋಡಿದೆ.

ಕೋಡ್ಲಾದಲ್ಲಿ ನಮ್ಮ ಬಲ ಕವರಿನ ಬೀಗರ ಮನೆಯ ವಾಸ್ತು ಶಾಂತಿ. ಎಲ್ಲರನ್ನೂ ಕರೆದಿದ್ದರು. ಹೋಳಿಗೆ, ತುಪ್ಪ, ಕಟ್ಟಿನ ಸಾರು. ಎಡ ಕಾರ್ನರ್ ಉಂಡದ್ದು ನೋಡಿ ಬಡಿಸುವ ಹೆಣ್ಣುಮಕ್ಕಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಹೊತ್ತು ಇಳಿದ ಮೇಲೆ ಆ ಊರಿನ ಹುಡುಗರು ಸುಮ್ಮನೆ ಒಂದು ಆಟ ಅಂದರು. ಕಾಂಟಾ ಇಲ್ಲ, ತೂಕ ಇಲ್ಲ. ಅವತ್ತು ಅವನು ಆಡಿದ ಆಟ! ಒಳಗೆ ಬಂದ ರೈಡರುಗಳು ಹೊರಗೆ ಹೋಗುವುದೇ ಮರೆತರು. ಒಬ್ಬನ ಪಾದ ಹಿಡಿದನೆಂದರೆ ಅವನು ಬೇರು ಬಿಟ್ಟವನಂತೆ ಅಲ್ಲೇ ನಿಂತುಬಿಡುತ್ತಿದ್ದ. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಹೊಡೆಯುತ್ತ ಹೊಡೆಯುತ್ತಲೇ ನನ್ನ ಕೈ ನಿಂತುಹೋಯಿತು. ವಯಸ್ಸಾಗಿದ್ದರೆ ಇಲ್ಲೂ ವಯಸ್ಸಾಗಿರಬೇಕಲ್ಲ? ಹಿಂದಿನ ಪಂದ್ಯಗಳನ್ನೆಲ್ಲ ಒಂದೊಂದಾಗಿ ನೆನೆದೆ. ಕಾಂಟಾ ಹತ್ತಿ ಆಡಿದಲ್ಲೆಲ್ಲ ಅವನು ತಡ. ಉಂಡು ಆಡಿದಲ್ಲಿ ಹುಲಿ. ಮೊದಲೆಲ್ಲ ಪ್ರಾಯದ ಮೈ ಉಪವಾಸವನ್ನು ತಡೆಯುತ್ತಿತ್ತು, ಈಗ ತಡೆಯುತ್ತಿಲ್ಲ. ಅವನು ಮುದುಕನಾಗಿರಲಿಲ್ಲ, ಹಸಿದಿದ್ದ. ಹಸಿದದ್ದು ನನ್ನ ಮನೆಯಲ್ಲಿ.

ಇದನ್ನು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಕ್ರೂಸರಿನಲ್ಲಿ ಅವನು ನನ್ನ ಪಕ್ಕದಲ್ಲೇ ಕೂತು ಎಲೆ ಅಡಿಕೆ ಹಾಕುತ್ತಿದ್ದ, ದಂಡೋತಿ ಸೇತುವೆ ದಾಟುವಾಗ ಹೊಳೆ ನೋಡಿ ಏನೋ ಹಾಡು ಗುನುಗುತ್ತಿದ್ದ. ಹೇಳಿದರೆ ಅವನು ಅರವತ್ತೈದರ ತಂಡಕ್ಕೆ ಹೋಗಬೇಕು. ಅವನ ಸಹಜ ತೂಕ ಅದರೊಳಗೇ ಬರುತ್ತದೆ, ಒಂದು ತುತ್ತೂ ಬಿಡಬೇಕಾಗಿಲ್ಲ. ಆ ತಂಡದವರಿಗೆ ಒಳ್ಳೆಯ ಎಡ ಕಾರ್ನರ್ ಇಲ್ಲ ಎಂಬುದೂ ನನಗೆ ಗೊತ್ತಿತ್ತು. ಆದರೆ ಅವರು ಅಭ್ಯಾಸ ಮಾಡುವುದು ವಾಡಿಯಲ್ಲಿ. ಸಂಜೆ ನಮ್ಮ ಬಯಲಿಗೆ ಅವನು ಬರುವುದಿಲ್ಲ. ಕೆಂಪು ಚೀಲ ಹಾಕಿಕೊಂಡು ನನ್ನ ಬಾಗಿಲಿಗೂ ಬರುವುದಿಲ್ಲ. ಚಿಂಚೋಳಿದೊಂದು ಆಗಲಿ, ಇದೊಂದು ಸಲ ಬಂದು ಹೋಗಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಒಂಟಿ ಮನುಷ್ಯನಿಗೆ ಎಂಥೆಂಥ ಸಣ್ಣ ಬುದ್ಧಿ ಬರುತ್ತದೆ ನೋಡಿ.

ಚಿಂಚೋಳಿ ಪಂದ್ಯಕ್ಕೆ ಎರಡು ದಿನ ಮೊದಲು ಅವನು ಬಂದ. ನಾನು ಬೆಳಗ್ಗೆಯೇ ನೆಲ ಒರೆಸಿ, ಚಾಪೆ ಹಾಸಿ, ಫ್ಯಾನಿನ ಧೂಳು ಕೂಡ ತೆಗೆದಿದ್ದೆ. ಆ ದಿನ ಹೇಗೋ ಹೋಯಿತು. ಮರುದಿನ ಮಧ್ಯಾಹ್ನದ ಸುಡು ಬಿಸಿಲಿನಲ್ಲಿ ಅವನು ಸ್ವೆಟರ್ ಹಾಕಿಕೊಂಡು ಸ್ಟೇಷನ್ನಿನವರೆಗೆ ಓಡಿ ಬಂದ. ಬಂದವನು ಹೊಸ್ತಿಲಲ್ಲೇ ಕೂತ. ಬಾಯಿ ಮುಕ್ಕಳಿಸಲು ನೀರಿನ ಲೋಟ ಕೊಟ್ಟೆ. ಬಾಯಿಗೆ ತರುವಷ್ಟರಲ್ಲಿ ಅರ್ಧ ನೀರು ನೆಲದ ಮೇಲೆ ಚೆಲ್ಲಿತು. ತುಟಿ ಬಿಳಿಚಿಕೊಂಡಿತ್ತು. ಬಾಯಿ ಮುಕ್ಕಳಿಸಿ ಉಗುಳಿ, ಒಂದು ಹನಿಯೂ ನುಂಗದೆ, ನನ್ನ ಕಡೆ ನೋಡಿ ನಕ್ಕ.

ಅಷ್ಟರಲ್ಲಿ ಕ್ಯಾಪ್ಟನ್ ಬೈಕ್ ನಿಲ್ಲಿಸಿ ಒಳಗೆ ಬರದೆ ನನ್ನನ್ನು ಅಂಗಳಕ್ಕೆ ಕರೆದ. ಧ್ವನಿ ಇಳಿಸಿ ಹೇಳಿದ: "ಸರ, ನಾ ಇವಂಗ ಹೇಳ್ಲಾರೆ. ಹುಡುಗ್ರು ವಾಡಿಯವನ್ನೇ ಹಾಕು ಅನ್ಲಿಕತ್ತಾರ. ನೀವೇ ಹೇಳ್ರಿ, ಏನ್ಮಾಡ್ಲಿ?"

"ಅವನ್ನೇ ಹಾಕು," ಅಂದೆ. ಒಳಗೆ ಕೇಳಲಿ ಅಂತಲೇ ಜೋರಾಗಿ ಅಂದೆ.

"ಮತ್ತ ಇವ?"

"ಇವನಿಗೆ ಮೊದಲು ಹೊಟ್ಟಿಗೆ ಹಾಕ್ರಿ."

ಎಡ ಕಾರ್ನರ್ ಗೋಡೆ ಹಿಡಿದು ಎದ್ದು ಬಂದ. "ನನ್ನ ತೆಗದ್ರೇನ್ರಿ ಸರ?"

"ಹೂಂ, ತೆಗದೆ."

"ನೀವಾ?"

ಆ ಒಂದು ಮಾತಿನಲ್ಲಿ ಎಷ್ಟು ನೋವಿತ್ತೆಂದರೆ ಕ್ಯಾಪ್ಟನ್ ಮುಖ ಬೇರೆ ಕಡೆ ತಿರುಗಿಸಿದ. ನಾನು ಹೇಳಿದೆ: "ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗಿ ಒದ್ರಂತ. ನೀನೂ ಒದಿ ಬೇಕಂದ್ರ. ಆದ್ರ ಮೊದಲು ಕೇಳು." ಕೋಡ್ಲಾದ ಆಟ ಹೇಳಿದೆ. ಚಿತ್ತಾಪುರದ್ದು ಹೇಳಿದೆ. ಯಾವ ಯಾವ ಪಂದ್ಯದಲ್ಲಿ ಯಾವ ರೈಡರ್ ಅವನ ಕೈಯಿಂದ ಜಾರಿದ, ಅವತ್ತು ಅವನು ಹೇಗೆ ಕಾಂಟಾ ಹತ್ತಿದ್ದ, ಎಲ್ಲ ಹೇಳಿದೆ. "ನಿನ್ನ ಕಾಲಿಗೆ ಏನೂ ಆಗಿಲ್ಲ, ಕಣ್ಣಿಗೂ ಆಗಿಲ್ಲ. ಅರವತ್ತೈದಕ್ಕ ಹೋಗು. ಅಲ್ಲಿ ನಿನಗಿಂತ ಚಲೋ ಎಡ ಕಾರ್ನರ್ ಈ ನಾಲ್ಕು ತಾಲೂಕಿನಾಗ ಇಲ್ಲ."

"ಅಂದ್ರ ನಾ ಮುದುಕ ಆಗಿಲ್ಲಂತೀರಿ?"

"ಮುದುಕ ನಾನು. ನೀ ಹಸದೀ, ಅಷ್ಟೇ."

ಮೊದಲು ನಂಬಲಿಲ್ಲ. ಕ್ಯಾಪ್ಟನ್ ಕಡೆ ನೋಡಿದ. "ಹೌದಲ್ಲೋ ಮಾರಾಯಾ, ಕೋಡ್ಲಾದಾಗ ನೀ ಎಲ್ಲಾರ್ನೂ ಹಿಡದಿದ್ದಿ," ಅಂದ ಕ್ಯಾಪ್ಟನ್. ಆಗ ಅವನ ಮುಖ ನೋಡಬೇಕಿತ್ತು. ಸ್ವೆಟರ್ ಎಳೆದು ಬಿಸಾಡಿದ. ಚೆಂಬು ಎತ್ತಿ ಗಟಗಟ ನೀರು ಕುಡಿದ, ಗದ್ದ, ಎದೆ ಎಲ್ಲ ತೊಯ್ಸಿಕೊಂಡ. ನಾನು ಒಳಗೆ ಹೋಗಿ ಒಲೆ ಹೊತ್ತಿಸಿ ಹೆಸರುಬೇಳೆ ತೊಳೆಯತೊಡಗಿದೆ. ಖಾಲಿ ಹೊಟ್ಟೆಗೆ ಮೊದಲು ಗಂಜಿಯೇ ಬೀಳಬೇಕಲ್ಲ. ಇಷ್ಟು ವರ್ಷ ಕೂಡಿ ಹಸಿದವರು ಇವತ್ತು ಕೂಡಿ ಉಣ್ಣುತ್ತೇವೆ ಅಂದುಕೊಂಡೆ. ಎರಡು ತಾಟು ಕೂಡ ತೆಗೆದಿಟ್ಟೆ.

"ಸರ, ನಾ ಮನಿಗೇ ಹೋಗ್ತೀನ್ರಿ," ಅಂತ ಹೊರಗಿನಿಂದ ಕೂಗಿದ. "ಈಗ ಹೋದ್ರ ಆಕಿ ಬಿಸಿ ರೊಟ್ಟಿ ಮಾಡ್ತಾಳ. ಹುಡುಗ್ರೂ ಇರ್ತಾವ."

"ಹೋಗಪಾ, ಹೋಗು," ಅಂದೆ. ಇನ್ನೇನು ಅನ್ನಲಿ? ಮನೆಗೆ ಹೋಗುವ ಮನುಷ್ಯನನ್ನು ಗಂಜಿಗೆ ನಿಲ್ಲಿಸಿಕೊಳ್ಳಲಿಕ್ಕಾಗುತ್ತದೆಯೇ? ಕೆಂಪು ಚೀಲ ತೆಗೆದುಕೊಂಡು, ಮರೆಯದೆ ಚಾಪೆ ಸುತ್ತಿ ಮೂಲೆಗಿಟ್ಟು, ಕ್ಯಾಪ್ಟನ್ನನ ಬೈಕ್ ಹತ್ತಿ ಹೋದ. ಓಣಿ ತಿರುಗುವವರೆಗೆ ಅವನ ನಗು ಕೇಳುತ್ತಿತ್ತು. ನಾನು ತೊಳೆದ ಬೇಳೆಯನ್ನು ಹಾಗೇ ಮುಚ್ಚಿಟ್ಟೆ.

ಚಿಂಚೋಳಿಗೆ ನಾನೂ ಹೋಗಿದ್ದೆ. ವಾಡಿಯ ಹುಡುಗ ಪರವಾಗಿಲ್ಲ, ಆತುರ ಜಾಸ್ತಿ, ಎರಡು ವರ್ಷದಲ್ಲಿ ಪಳಗುತ್ತಾನೆ. ನಾವು ಸೆಮಿಫೈನಲ್ಲಿನಲ್ಲಿ ಸೋತೆವು, ಅದೂ ಎರಡನೇ ರೈಡರಿನಿಂದ. ಅವನನ್ನು ತೆಗೆಯಿರಿ ಅಂತ ನಾನು ಈಗಲೂ ಹೇಳುತ್ತಿದ್ದೇನೆ, ಕೇಳುವವರು ಯಾರು? ಆದರೆ ಸೇಡಂನಲ್ಲಿ ನಡೆದ ಅರವತ್ತೈದರ ಪಂದ್ಯವನ್ನು ನೋಡದವರು ಕೆಟ್ಟರು. ಎಡ ಕಾರ್ನರ್ ಕಾಂಟಾದ ಮೇಲೆ ಅಂಗಿ ಚಡ್ಡಿ ಸಮೇತ ನಿಂತು, ಕೈಯಲ್ಲಿದ್ದ ಬಾಳೆಹಣ್ಣು ತಿನ್ನುತ್ತಲೇ ತೂಗಿಸಿಕೊಂಡ. ಫೈನಲ್ಲಿನ ಕೊನೆಗೆ ಎದುರಾಳಿಯ ಮುಖ್ಯ ರೈಡರ್ ಬಂದಾಗ ಇವನು ಬಿದ್ದದ್ದು ಸರಿಯಾಗಿ ಆ ಚಣಕ್ಕೆ, ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ. ಜನ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಮೇಲಿನಿಂದ ಅವನು ಯಾರನ್ನೋ ಹುಡುಕುತ್ತಿದ್ದ. ನನ್ನನ್ನೇ ಇರಬಹುದು. ಆ ಗದ್ದಲದಲ್ಲಿ ನಾನು ಕೈ ಎತ್ತಿದ್ದು ಅವನಿಗೆ ಕಾಣಲಿಲ್ಲ. ನನಗೆ ಹೆಮ್ಮೆಯಾಯಿತು, ಬಹಳ ಹೆಮ್ಮೆಯಾಯಿತು, ಮತ್ತು ವಾಪಸ್ ಬಸ್ಸಿನಲ್ಲಿ ಒಬ್ಬನೇ ಕೂತಾಗ ಅಳು ಬಂತು.

ಈಗ ನಮ್ಮ ಅರವತ್ತರ ತಂಡದಲ್ಲಿ ತೂಕ ಇಳಿಸಬೇಕಾದವರು ಯಾರೂ ಇಲ್ಲ. ತಂಡಕ್ಕೆ ಅದು ಒಳ್ಳೆಯದೇ. ಎಡ ಕಾರ್ನರ್ ಮಾತ್ರ ನನ್ನನ್ನು ಮರೆತಿಲ್ಲ. ತನ್ನ ಪಂದ್ಯವಿದ್ದಾಗಲೆಲ್ಲ ಹಿಂದಿನ ದಿನ ಸಂಜೆ ತಪ್ಪದೆ ಫೋನ್ ಮಾಡುತ್ತಾನೆ. ಹಿಂದೆ ಮಕ್ಕಳ ಗದ್ದಲ, ತಾಟಿನ ಸದ್ದು ಕೇಳುತ್ತಿರುತ್ತದೆ. ಮೊನ್ನೆಯೂ ಮಾಡಿದ್ದ.

"ಸರ, ನಾಳೆ ವಾಡಿಯಾಗ ಅದರಿ. ಬರ್ಬೇಕು ನೋಡ್ರಿ ಮತ್ತ."

"ಬರ್ತೀನಪಾ."

"ನೀವು ಹೇಳ್ದಂಗ ಹೊಟ್ಟಿ ತುಂಬ ಉಂಡು ಕುಂತೀನ್ರಿ. ನಿಮ್ದು ಊಟ ಆಯ್ತೇನ್ರಿ?"

ಅವನ ಪಂದ್ಯಕ್ಕೆ ಎರಡು ದಿನ ಮೊದಲಿನಿಂದ ನನ್ನ ಮನೆಯ ಒಲೆ ಇವತ್ತಿಗೂ ಹೊತ್ತುವುದಿಲ್ಲ. ಅದು ಅವನಿಗೆ ಗೊತ್ತಿಲ್ಲ.

"ಆಯ್ತಪಾ," ಅಂದೆ. "ಈಗಷ್ಟೇ ಕೈ ತೊಳ್ಕೊಂಡೆ."